ಹಲಗೆಯ ಮೇಲೆ ಸತ್ತವಳು

ಏಳನೆಯ ಕಂತು

ಬೀಸುವ ಕಲ್ಲಿನ ಸದ್ದು ನಿಲ್ಲಲಿಲ್ಲ.

ಏಕನಾಥಮ್ಮ ಬೀದಿಯ ನಡುವೆ ನಿಂತು ಕಿವಿಗೊಟ್ಟಳು. ನಡುಹಗಲು. ಬಿ.ದುರ್ಗದಲ್ಲಿ ಒಂದು ನಾಯಿಯೂ ಇರಲಿಲ್ಲ. ಪ್ಲೇಗಿನ ಇಲಿ ಬಿದ್ದು ಊರು ಖಾಲಿ ಮಾಡಿಸಿ ತಿಂಗಳಾಗುತ್ತ ಬಂದಿತ್ತು. ಬಿಸಿಲು ಒಳಗಿಳಿಯಲಿ ಎಂದು ಮಾಳಿಗೆಗಳನ್ನು ಅಲ್ಲಲ್ಲಿ ಒಡೆದಿದ್ದರು. ಬಾಗಿಲುಗಳ ಮೇಲೆ ಸುಣ್ಣದ ಗೆರೆಗಳು. ಒಂದು ಗೆರೆ ಎಂದರೆ ಒಂದು ಸಾವು. ಎಣಿಸಬಾರದು ಎಂದುಕೊಂಡರೂ ಕಣ್ಣು ಎಣಿಸುತ್ತಿತ್ತು.

ಸದ್ದು ಬರುತ್ತಿದ್ದುದು ಮುರುಗೇಶಪ್ಪನ ಮನೆಯಿಂದ. ಆ ಬಾಗಿಲ ಮೇಲೆ ಎರಡು ಗೆರೆಗಳಿದ್ದವು. ಒಂದು ಅವನ ತಮ್ಮನ ಮಗುವಿನದು. ಇನ್ನೊಂದು ಅವನ ಹೆಂಡತಿ ಶಿವಗಂಗಮ್ಮನದು.

ತಳವಾರ ಓಬಯ್ಯ ಗಾಡಿಯಿಂದ ಇಳಿಯಲೇ ಇಲ್ಲ. ಆ ಎರಡನೆಯ ಗೆರೆಯನ್ನು ಹನ್ನೊಂದು ದಿನದ ಹಿಂದೆ ಎಳೆದವನು ಅವನೇ.

"ಕುರಿ ಕಾಯೋರು ಹೇಳಿದ್ದು ದಿಟ ಆತಲ್ಲ ಅಮ್ಮಾರೆ. ಹೋಗಾಣ ನಡೀರಿ."

"ದೆವ್ವ ಹಿಟ್ಟು ಬೀಸಿ ಏನು ಮಾಡುತ್ತೆ ಓಬಯ್ಯ?"

"ಅದಕ್ಕೂ ಹೊಟ್ಟೆ ಐತೇನೋ, ಯಾರು ಕಂಡೋರು."

ಏಕನಾಥಮ್ಮ ನಗಲಿಲ್ಲ. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಹದಿನಾರು ವರ್ಷ ಸೂಲಗಿತ್ತಿಯಾಗಿದ್ದವಳು ಅವಳು. ಈಗ ಜನಹಿತ ಮಂಡಳಿಯವರ ಪ್ಲೇಗು ಶಿಬಿರದಲ್ಲಿ ಹೆಂಗಸರ ಮೈ ಮುಟ್ಟಿ ಗಡ್ಡೆ ಇದೆಯೋ ಇಲ್ಲವೋ ನೋಡುವವಳು. ಜನ ಮುಚ್ಚಿಟ್ಟದ್ದನ್ನು ಹುಡುಕಿ ತೆಗೆಯುವ ಕೆಲಸವೂ ಹೇಗೋ ಅವಳ ಪಾಲಿಗೇ ಬಂದಿತ್ತು. ಯಾವುದೋ ಸಂಸಾರ ಕದ್ದು ಊರಿಗೆ ಮರಳಿರಬೇಕು ಎಂದುಕೊಂಡೇ ಅವಳು ಇಲ್ಲಿಗೆ ಬಂದಿದ್ದಳು.

ಹೊಸ್ತಿಲು ದಾಟಿದಳು.

ಒಡೆದ ಮಾಳಿಗೆಯಿಂದ ಬಿಸಿಲು ಒಂದು ಕಂಬದಂತೆ ಇಳಿದಿತ್ತು. ಅದರ ಕೆಳಗೆ ಕಾಲು ಚಾಚಿ ಕುಳಿತ ಹೆಂಗಸು ರಾಗಿ ಬೀಸುತ್ತಿದ್ದಳು. ಕೂದಲ ಮೇಲೆ, ರೆಪ್ಪೆಯ ಮೇಲೆ ಹಿಟ್ಟಿನ ಧೂಳು. ತಲೆ ಎತ್ತಿದಳು. ಶಿವಗಂಗಮ್ಮ.

"ಬರ್ರಿ ಅಕ್ಕಾರೆ, ಕುಂತ್ಕಳ್ರಿ," ಎಂದಳು. ಆಮೇಲೆ ಕನಿಕರದಿಂದ ಕೇಳಿದಳು, "ನೀವೂ ಸತ್ರಾ?"

ಏಕನಾಥಮ್ಮನ ಕೈ ತನ್ನ ಅಭ್ಯಾಸ ಬಿಡಲಿಲ್ಲ. ಎದುರಿಗೆ ಕುಳಿತು ಅವಳ ಮಣಿಕಟ್ಟು ಹಿಡಿದಳು. ನಾಡಿ ಓಡುತ್ತಿತ್ತು. ಮೈ ಬೆಚ್ಚಗಿತ್ತು. ಕಂಕುಳಿಗೆ ಕೈ ಹಾಕಿ ನೋಡಿದಳು, ಗಡ್ಡೆ ಇರಲಿಲ್ಲ. ಶಿವಗಂಗಮ್ಮ ಮಗುವಿನಂತೆ ಸುಮ್ಮನೆ ಕೈ ಎತ್ತಿದ್ದಳು.

"ನೀನು ಬದುಕಿದ್ದೀಯ ತಂಗಿ."

"ನಾನೂ ಹಂಗೇ ಅಂದ್ಕಂಡಿದ್ದೆ. ಚಿವುಟಿ ನೋಡ್ಕಂಡೆ, ನೋವಾತು. ಸತ್ತೋರಿಗೂ ನೋವಾಗುತ್ತೇನೋ, ಯಾರಿಗೆ ಗೊತ್ತು."

ಹತ್ತು ದಿನಗಳಿಂದ ಅವಳು ಒಬ್ಬಳೇ ಇದ್ದಳು. ನೆಲದಡಿಯ ಹಗೇವಿನಲ್ಲಿ ರಾಗಿ ಉಳಿದಿತ್ತು. ಬಾವಿಯಲ್ಲಿ ನೀರಿತ್ತು. ಶಿಬಿರದವರೇ ಅವಳನ್ನು ಒಂದು ಶನಿವಾರ ಮೂಡಣ ಬಾಗಿಲಿನಿಂದ ಬಿಟ್ಟು ಕಳಿಸಿದ್ದರು. ಕೈಗೊಂದು ಚೀಟಿ ಕೊಟ್ಟಿದ್ದರು. ಊರಿನವರೆಲ್ಲ ಶಿಬಿರದಿಂದ ಕೂಗಳತೆ ದೂರದ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರಲ್ಲ, ಅವಳು ನೇರ ಅಲ್ಲಿಗೆ ಹೋದಳು. ಅಲ್ಲಿ ಅವಳ ಹೆಸರಿನಲ್ಲಿ ಸೂತಕ ನಡೆಯುತ್ತಿತ್ತು.

ಹೆಂಗಸರು ಚೀರಿದರು. ಯಾರೋ ಬೂದಿ ಎರಚಿದರು. ಅವಳ ಗಂಡ ಒಲೆಯಿಂದ ಕೊಳ್ಳಿ ತೆಗೆದು ಎಸೆದ. ಅದು ತೋಳಿಗೆ ತಗುಲಿತ್ತು. ಸುಟ್ಟ ಕಲೆ ಇನ್ನೂ ಹಸಿಯಾಗಿತ್ತು.

"ಎಲ್ಲರೂ ಕೂಗಿದ್ರು ಅಕ್ಕಾರೆ. ಕೊಟ್ರಿ ಒಬ್ಬಳೇ ಕೂಗ್ಲಿಲ್ಲ. ಬಗ್ಗಿ ನನ್ನ ಪಾದ ನೋಡಿದ್ಲು. ದೆವ್ವದಂಗೆ ತಿರುವುಮುರುವು ಅವೆಯೋ ಅಂತ. ನೋಡಿ, ಏನೂ ಅನ್ನದೆ ಗುಡಿಸ್ಲೊಳಕ್ಕೆ ಹೋದ್ಲು."

ಕೊಟ್ರಿ ಎಂದರೆ ಕೊಟ್ರಮ್ಮ, ಅವಳ ಓರಗಿತ್ತಿ. ಆ ಹೆಸರು ಕೇಳಿ ಏಕನಾಥಮ್ಮ ನೆಲ ನೋಡಿದಳು. ತಿಂಗಳ ಹಿಂದೆ, ಬಾವಿಯ ಹತ್ತಿರ, ಇದೇ ಶಿವಗಂಗಮ್ಮ ಸೆರಗು ಬಾಯಿಗಿಟ್ಟುಕೊಂಡು ಏಕನಾಥಮ್ಮನ ಕಿವಿಯಲ್ಲಿ ಉಸುರಿದ್ದಳು: ನಮ್ಮ ಅಟ್ಟದಲ್ಲಿ ಇಲಿ ಬಿದ್ದಾವೆ, ಕೊಟ್ರಿ ಮಗೀಗೆ ತೊಡೆಸಂದಿನಲ್ಲಿ ಗಂಟು ಐತೆ, ಬಚ್ಚಿಟ್ಟಾರೆ. ಮಗುವನ್ನು ಶಿಬಿರಕ್ಕೆ ತಂದರು. ಐದು ದಿನ ಇತ್ತು. ಮೂರು ವರ್ಷದ ಹೆಣ್ಣುಮಗು. ಆ ಸುದ್ದಿಯಿಂದ ಊರು ಖಾಲಿಯಾಯಿತು, ಉಳಿದವರು ಉಳಿದರು. ಒಳ್ಳೆಯ ಕೆಲಸ ಮಾಡಿದವರನ್ನು ನಾಲ್ಕು ಜನ ನೋಡಿ ಕಲಿಯಲಿ ಎಂದು ಮಂಡಳಿಯವರು ಅದನ್ನೂ ಶಿಬಿರದ ಮುಂದಿನ ಸುದ್ದಿಹಲಗೆಯ ಮೇಲೆ ಬರೆಸಿದರು: ಬಿ.ದುರ್ಗದ ಸುದ್ದಿ ತಿಳಿಸಿದ್ದು ಮುರುಗೇಶಪ್ಪನವರ ಮನೆಯವರು.

ಹಾಗೆ ಬರೆಸಿ ಎಂದು ಸಲಹೆ ಕೊಟ್ಟಿದ್ದು ಏಕನಾಥಮ್ಮ.

"ಶಿಬಿರಕ್ಕೆ ವಾಪಸ್ಸು ಯಾಕೆ ಬರಲಿಲ್ಲ?" ಎಂದು ಕೇಳಿದಳು.

ಶಿವಗಂಗಮ್ಮ ಹಿಟ್ಟನ್ನು ಬೆರಳಿನಿಂದ ಒಟ್ಟು ಮಾಡಿದಳು. "ಹಲಗೆ ಸುಳ್ಳಾಗ್ಬಾರ್ದು ಅಂತ ನನ್ನೇ ಸಾಯಿಸಿಬಿಟ್ರೆ?"

ಅದು ತಮಾಷೆಯೋ ಅಲ್ಲವೋ ತಿಳಿಯಲಿಲ್ಲ.

ಅವಳ ಸೊಂಟದ ಚೀಟಿಯನ್ನು ಇಸಿದುಕೊಂಡು ಏಕನಾಥಮ್ಮ ಓದಿದಳು. ನಂಬರ್ ಹದಿನೆಂಟು. ಹಿರಿಯೂರು ಸೀಮೆ ಧರ್ಮಪುರದ ಸಣ್ಣತಿಮ್ಮಪ್ಪನ ಹೆಂಡತಿ. ಜ್ವರವಿಲ್ಲ, ಬಿಡಬಹುದು.

"ಇದು ನೀನಲ್ಲವಲ್ಲ."

"ಅದು ಜುಂಜಮ್ಮ. ಪಾಪ, ಹಾದಿಯಲ್ಲಿ ಒಬ್ಬಳೇ ಹೋಗ್ತಿದ್ಲು ಅಂತ ಹಿಡಕಂಡು ಬಂದಿದ್ರು. ನನ್ನ ಪಕ್ಕದ ಚಾಪೆ. ಅವಳೇ ಸತ್ತಿದ್ದು."

ಉಳಿದದ್ದನ್ನು ಅವಳು ಒಂದೊಂದಾಗಿ ಹೇಳಿದಳು. ಅನುಮಾನದ ಮೇಲೆ ನಿಗಾಕ್ಕೆಂದು ಶಿಬಿರಕ್ಕೆ ತಂದ ದಿನ ಇಬ್ಬರೂ ಮುಸುಕು ಹಾಕಿ ಬಾಗಿಲಲ್ಲಿ ನಿಂತಿದ್ದರು. ಜುಂಜಮ್ಮ ಮುಂದೆ, ಇವಳು ಹಿಂದೆ. ಗುಮಾಸ್ತ ಗಂಡನ ಹೆಸರು ಕೇಳಿದ. ಇಬ್ಬರೂ ಬಾಯಿ ಬಿಡಲಿಲ್ಲ. ಯಾವ ಗರತಿ ಬಿಟ್ಟಾಳು? ಕರೆತಂದಿದ್ದ ಓಬಯ್ಯ ದೂರದಿಂದಲೇ ಕೂಗಿದ, ಒಬ್ಬರು ಮುರುಗೇಶಪ್ಪನ ಮನೆಯೋರು, ಒಬ್ಬರು ಸಣ್ಣತಿಮ್ಮಪ್ಪನ ಮನೆಯೋರು. ಗುಮಾಸ್ತ ತಲೆ ಎತ್ತದೆ ಅದೇ ಸಾಲಿನಲ್ಲಿ ಬರೆದುಕೊಂಡ. ಮುಂದೆ ನಿಂತವಳ ಕೊರಳಿಗೆ ಹದಿನೇಳರ ತಗಡು, ಹಿಂದೆ ನಿಂತವಳಿಗೆ ಹದಿನೆಂಟರದು. ಸರಿಯೇನಮ್ಮಾ ಎಂದು ಕೇಳಿದ. ಇಬ್ಬರೂ ತಲೆ ತಗ್ಗಿಸಿದರು. ಅದನ್ನು ಅವನು ಹೌದು ಎಂದುಕೊಂಡ.

"ತಪ್ಪು ಅಂತ ಹೇಳ್ಬೇಕಾದ್ರೆ ಅವರ ಹೆಸರು ನನ್ನ ಬಾಯಲ್ಲಿ ಬರ್ಬೇಕಿತ್ತಲ್ಲ ಅಕ್ಕಾರೆ. ಬರ್ಲಿಲ್ಲ. ಯಾರ ಹೆಸರಾದ್ರೇನು, ಜೀವ ನಂದೇ ತಾನೆ ಅಂದ್ಕಂಡೆ."

ಅವಳ ಸ್ವಂತ ಹೆಸರನ್ನು ಯಾರೂ ಕೇಳಿರಲಿಲ್ಲ. ಹೆಂಗಸರ ಹೆಸರನ್ನು ಬೀದಿಯ ಹಲಗೆಗೆ ಹಾಕಿದರೆ ಮಾನ ಹೋಗುತ್ತದೆ ಎಂದು ಊರೂರಿನ ಯಜಮಾನರು ಬಂದು ಕೇಳಿಕೊಂಡಿದ್ದರು. ಮಂಡಳಿ ಒಪ್ಪಿ, ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಯತೊಡಗಿತ್ತು. ಇವರಿಬ್ಬರನ್ನೂ ಪಕ್ಕದಲ್ಲಿ ಕೂತು ಮುಟ್ಟಿ ನೋಡಿದ್ದವಳು ಏಕನಾಥಮ್ಮ; ಮುಖ ಗೊತ್ತಿದ್ದರಿಂದ ತಗಡಿನ ನಂಬರನ್ನು ಹಲಗೆಗೆ ತಾಳೆ ನೋಡಿರಲಿಲ್ಲ. ಆದರೆ ಬುಧವಾರ ಸುಣ್ಣ, ಔಷಧಿ ತರಲು ಚಿತ್ರದುರ್ಗಕ್ಕೆ ಹೋಗಿದ್ದಳು. ಭಾನುವಾರ ಮರಳಿದಾಗ ಹಲಗೆ ಹೇಳಿತು, ಮುರುಗೇಶಪ್ಪನ ಹೆಂಡತಿ ಸತ್ತಳೆಂದು. ಅಷ್ಟರಲ್ಲಿ ಹೆಣಕ್ಕೆ ಸುಣ್ಣ ಸುರಿದು ಮಣ್ಣು ಮುಚ್ಚಿಯಾಗಿತ್ತು. ಅವಳೂ ನಂಬಿದ್ದಳು. ಅತ್ತೂ ಇದ್ದಳು.

"ಜುಂಜಮ್ಮ ಹೇಗೆ ಹೋದಳು?"

"ಶುಕ್ರವಾರ ಹೊತ್ತು ಮೂಡೋವಾಗ. ಕಣ್ಣು ಇಷ್ಟಗಲ ಕಪ್ಪಾಗಿತ್ತು. ಗಾಳಿಯಾಗೆ ಹೂವು ಬಿಡಿಸಿದಂಗೆ ಬೆರಳು ಆಡಿಸ್ತಿದ್ಲು. ಅವ್ವ ಬಂದ್ಲು, ಅವ್ವ ಬಂದ್ಲು ಅಂತ ನಗ್ತಿದ್ಲು. ನಗ್ತಾನೇ ಹೋದ್ಲು."

ಪ್ಲೇಗಿನ ಸನ್ನಿಯಲ್ಲಿ ಹಾಗೆ ಆಡುವವರನ್ನು ಏಕನಾಥಮ್ಮ ಬಹಳ ಕಂಡಿದ್ದಳು. ಹೆಚ್ಚು ಕೇಳಲಿಲ್ಲ. ಏಳು ತಂಗಿ, ಗಾಡಿ ಇದೆ, ಹೋಗೋಣ ಎಂದಳು.

ಶಿವಗಂಗಮ್ಮ ಏಳಲಿಲ್ಲ. ಅವಳ ಕಣ್ಣಿನಲ್ಲಿ ಅದುವರೆಗೆ ಇಲ್ಲದಿದ್ದ ಹಟವೊಂದು ಕಂಡಿತು.

"ಹಲಗೆ ಮೇಲೆ ಸಾಯ್ಸಿದೋರು ಹಲಗೆ ಮೇಲೇ ಬದುಕಿಸ್ರಿ. ನಾಕು ಜನ ಓದ್ಲಿ. ನಮ್ಮೋರು ಬಂದು ಕರೀಲಿ. ಆವಾಗ ಬರ್ತೀನಿ. ಇನ್ನೊಂದು ಸಲ ಕೊಳ್ಳಿ ಎಸೆಸ್ಕಳೋಕೆ ನನ್ನ ಕೈಲಾಗಲ್ಲ."

ಮತ್ತೆ ಬೀಸುವುದಕ್ಕೆ ತಿರುಗಿದಳು.

*

ಎರಡು ಗಂಟೆಯ ದಾರಿ. ಅರ್ಧ ದಾರಿ ಸವೆದ ಮೇಲೆ ಓಬಯ್ಯ, ನಾನು ಕೂಗಿದ್ದೇ ತಿರುವುಮುರುವು ಆತಾ ಅಮ್ಮಾರೆ ಎಂದು ಕೇಳಿದ.

ಏಕನಾಥಮ್ಮನಿಗೆ ಒಂದೇ ಯೋಚನೆ. ಹತ್ತು ದಿನದ ಹಿಂದೆ ಆ ಹೆಂಗಸು ಹಾಡಹಗಲು, ಮೂವತ್ತು ಜನರ ಎದುರು, ಸ್ವಂತ ಕಾಲಿನ ಮೇಲೆ ನಿಂತಿದ್ದಳು. ಗಂಡ, ಅತ್ತೆ, ಕೂಡಿ ಬಾಳಿದ ನಾದಿನಿಯರು ನೋಡಿದರು. ಒಬ್ಬರೂ ತಮ್ಮ ಕಣ್ಣನ್ನು ನಂಬಲಿಲ್ಲ. ಹಲಗೆಯನ್ನು ನಂಬಿದರು.

ಇಷ್ಟು ನಂಬಿಕೆ ಬರಲೆಂದೇ ಅಲ್ಲವೇ ಅದನ್ನು ನೆಟ್ಟದ್ದು? ಮೊದಲು ಶಿಬಿರದ ಮೇಲೆ ಕಲ್ಲು ಬೀಳುತ್ತಿತ್ತು. ಒಳಗೆ ಹೋದವರ ಕರುಳು ಬಗೆದು ಎಣ್ಣೆ ತೆಗೆಯುತ್ತಾರೆ ಎಂದು ಸಂತೆಯಲ್ಲಿ ಹೇಳಿಕೊಳ್ಳುತ್ತಿದ್ದರು. ಬಂದವರೆಷ್ಟು, ವಾಸಿಯಾದವರೆಷ್ಟು, ಸತ್ತವರೆಷ್ಟು, ಯಾರು ಯಾವ ಚಾಪೆಯಲ್ಲಿದ್ದಾರೆ ಎಂದು ದಿನಾ ಬೆಳಿಗ್ಗೆ ಬರೆಯತೊಡಗಿದ ಮೇಲೆ ಕಲ್ಲು ನಿಂತವು. ಜನ ತಾವೇ ರೋಗಿಗಳನ್ನು ಗಾಡಿಯಲ್ಲಿ ತಂದರು.

ಶಿಬಿರ ಹೊಳಲ್ಕೆರೆ ದಾರಿಯ ಬಯಲಿನಲ್ಲಿತ್ತು. ತಡಿಕೆಯ ಕಚೇರಿಯಲ್ಲಿ ಮಂಡಳಿಯ ಕಾರ್ಯದರ್ಶಿ ಗಂಗಾಧರಪ್ಪ ಕುಳಿತಿದ್ದರು. ಹೊಸದುರ್ಗದ ಹತ್ತಿ ವ್ಯಾಪಾರಿ, ಐವತ್ತು ದಾಟಿದವರು, ಹಣೆಯ ತುಂಬ ವಿಭೂತಿ. ಅವಳು ಹೇಳಿದ್ದನ್ನೆಲ್ಲ ಕೇಳಿ ಎದ್ದು ತಡಿಕೆ ಬಾಗಿಲು ಮುಚ್ಚಿದರು.

"ಆಯಮ್ಮನ್ನ ತವರಿಗೆ ಕಳಿಸಾಣ. ನಾನೇ ಗಾಡಿ ಕೊಡ್ತೀನಿ. ಮನೆಯೋರಿಗೆ ಗುಟ್ಟಾಗಿ ತಿಳಿಸಾಣ. ಹಲಗೆ ತಂಟೆ ಬ್ಯಾಡ ಏಕನಾಥಮ್ಮ."

"ಹಲಗೆಯಲ್ಲೇ ಆಗಬೇಕು. ಅವಳು ಕೇಳಿದ್ದು ಅದೊಂದನ್ನೇ."

ಗಂಗಾಧರಪ್ಪ ದನಿ ಏರಿಸುವವರಲ್ಲ. ನಿಧಾನವಾಗಿ ಒಂದೊಂದಾಗಿ ಹೇಳಿದರು. ಒಬ್ಬಳ ಹೆಸರು ತಪ್ಪಿದೆ ಎಂದು ಬರೆದ ದಿನ, ತಮ್ಮವರನ್ನು ಇಲ್ಲಿ ಮಣ್ಣು ಮಾಡಿದ ನಲವತ್ತು ಮನೆಯವರು ಬಂದು ಗುಂಡಿ ತೋಡಿ ತೋರಿಸಿ ಎಂದು ನಿಲ್ಲುತ್ತಾರೆ. ಸತ್ತದ್ದು ನಮ್ಮವಳೇ ಹೌದೋ ಅಲ್ಲವೋ ಎನ್ನುತ್ತಾರೆ. ಮತ್ತೆ ಎಣ್ಣೆಯ ಕಥೆ ಶುರುವಾಗುತ್ತದೆ. ರೋಗಿಗಳು ಮತ್ತೆ ಅಟ್ಟ ಏರುತ್ತಾರೆ.

"ಅಟ್ಟ ಅಂದ್ರೆ ಏನು ಅಂತ ನನಗೆ ಗೊತ್ತೈತೆ," ಎಂದರು. "ನನ್ನ ಮನೆಯಾಕೀನ ನಾನೇ ಮುಚ್ಚಿಟ್ಟಿದ್ದೆ. ಕೆಳಗೆ ಅಂಗಡಿ ತೆರೆದು ಗಿರಾಕಿ ಜೊತೆ ನಗ್ತಾ ಕುಂತಿದ್ದೆ. ಮೇಲೆ ಅವಳು ನೀರು ಕೇಳಿದ್ದು ಕೇಳಿಸ್ತಿತ್ತು. ಅವಳ ಹಿಂದೆ ನನ್ನ ಇಬ್ರು ಹೆಣ್ಮಕ್ಕಳು ಹೋದ್ರು. ಈ ಹಲಗೆ ಊರಿಗೆ ಮಾಡಿದ ಉಪಕಾರ ಅಲ್ಲ. ನನ್ನ ಪ್ರಾಯಶ್ಚಿತ್ತ."

ಏಕನಾಥಮ್ಮನಿಗೆ ಇದು ಗೊತ್ತಿರಲಿಲ್ಲ. ಅವರ ಮುಖ ನೋಡಲಾಗದೆ ಮೇಜಿನ ಮೇಲಿನ ಸುಣ್ಣದ ಕಡ್ಡಿ ನೋಡಿದಳು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಾಳೆ ನಾಲ್ಕು ಗಾಡಿಗಳು ಅರ್ಧದಾರಿಯಲ್ಲಿ ತಿರುಗಿ ಹೋಗಬಹುದು. ಅದರಲ್ಲಿ ಮಕ್ಕಳಿರಬಹುದು.

ಆದರೆ ಧರ್ಮಪುರದ ಸಣ್ಣತಿಮ್ಮಪ್ಪ ಕಳೆದ ವಾರ ಇದೇ ಬಾಗಿಲಿಗೆ ಬಂದು ಹೆಂಡತಿ ಎಲ್ಲಿ ಎಂದಿದ್ದ. ಬಿಟ್ಟು ಕಳಿಸಿದ್ದೇವೆ ಎಂದು ಹಲಗೆ ತೋರಿಸಿದ್ದರು. ಓಡಿಹೋದಳು ಎಂದುಕೊಂಡು ಅವನು ತಲೆ ತಗ್ಗಿಸಿ ನಡೆದಿದ್ದ. ಸತ್ತ ಮೇಲೂ ಜುಂಜಮ್ಮನ ಮೇಲೆ ಒಂದು ಕಳಂಕ ಬೆಳೆಯುತ್ತಿತ್ತು. ಇನ್ನೊಬ್ಬಳು ಒಡೆದ ಮಾಳಿಗೆಯ ಕೆಳಗೆ ಕುಳಿತು ತಾನು ಹೆಣವೋ ಹೆಂಗಸೋ ಎಂದು ತನ್ನನ್ನೇ ಚಿವುಟಿಕೊಳ್ಳುತ್ತಿದ್ದಳು.

"ಯಜಮಾನರೇ, ನಿಮ್ಮ ಮನೆಯಾಕೆ ಅಟ್ಟದಲ್ಲಿದ್ದಳು. ಈ ಇಬ್ಬರನ್ನು ನಾವು ಹಲಗೆಯ ಹಿಂದೆ ಬಚ್ಚಿಡ್ತಾ ಇದ್ದೀವಿ."

ಗಂಗಾಧರಪ್ಪ ಮೇಜಿನ ಮೇಲಿನ ಸುಣ್ಣದ ಕಡ್ಡಿಯನ್ನು ಕೈಗೆತ್ತಿಕೊಂಡರು. ಗೆದ್ದೆ ಎಂದು ಅವಳಿಗೆ ತಿಳಿಯಿತು, ಗೆದ್ದ ಸಂತೋಷವಾಗಲಿಲ್ಲ.

ಬಾಗಿಲು ತೆರೆದು ಅವರು ಗುಮಾಸ್ತನನ್ನು ಕರೆದರು. ಬರೆಯಬೇಕಾದ್ದನ್ನು ತಾವೇ ಹೇಳಿದರು. ಮಂಡಳಿಯ ತಪ್ಪಿನಿಂದ ಹೆಸರು ಬದಲಾಗಿದೆ. ಮುರುಗೇಶಪ್ಪನವರ ಹೆಂಡತಿ ಬದುಕಿದ್ದಾರೆ. ಅಲ್ಲಿಗೆ ನಿಲ್ಲಿಸಿದರು. ಏಕನಾಥಮ್ಮ ಮುಂದಿನ ಸಾಲು ಸೇರಿಸಿದಳು: ಬಿ.ದುರ್ಗದ ತಮ್ಮ ಮನೆಯಲ್ಲಿದ್ದಾರೆ, ಮನೆಯವರು ಹೋಗಿ ಕರೆತರಬೇಕು. ಗುಮಾಸ್ತ ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಗುಡಿಸಲುಗಳ ಕಡೆ ತಮಟೆಯ ಸದ್ದು ಹೊರಟಿತು.

ಜುಂಜಮ್ಮನ ಗಂಡನಿಗೆ ಕಾಗದ ಬರೆಯಬೇಕಿತ್ತು. ಸತ್ತವಳ ಬಳಿ ಏನಾದರೂ ಇದ್ದರೆ ಜೊತೆಗೆ ಕಳಿಸೋಣವೆಂದು ಗಂಗಾಧರಪ್ಪ ಬಾಗಿಲಿನ ಪುಸ್ತಕ ತೆರೆದು ಹದಿನೇಳರ ಸಾಲು ಹುಡುಕಿದರು. ಒಳಗೆ ಬಂದದ್ದು, ಹೊರಗೆ ಹೋದದ್ದು ಎಲ್ಲ ಅದರಲ್ಲಿರುತ್ತಿತ್ತು.

"ಒಂದು ಹಳೆ ಕಂಬಳಿ. ಅಷ್ಟೇ," ಎಂದರು. "ಗುರುವಾರ ಸಂಜೆ ಬುತ್ತಿ ಒಂದು ಬಂದೈತೆ."

ಏಕನಾಥಮ್ಮ ತಲೆ ಎತ್ತಿದಳು. "ಯಾರಿಗೆ?"

"ಹದಿನೇಳಕ್ಕೆ."

"ಜುಂಜಮ್ಮನಿಗೆ ಈ ಸೀಮೆಯಲ್ಲಿ ಯಾರೂ ಇಲ್ಲವಲ್ಲ ಯಜಮಾನರೇ."

ಬುತ್ತಿ ಕಳಿಸುವವರು ಹಲಗೆ ನೋಡಿ ನಂಬರ್ ಹೇಳಬೇಕಿತ್ತು. ಬಾಗಿಲಿನವನು ಆ ನಂಬರಿನ ತಗಡು ಯಾರ ಕೊರಳಲ್ಲಿದೆಯೋ ಅವರ ಚಾಪೆಯ ಬುಡದಲ್ಲಿ ಗಂಟು ಇಟ್ಟು ಬರುತ್ತಿದ್ದ. ಹೆಸರು ಕೂಗುವ ರೂಢಿ ಇರಲಿಲ್ಲ. ಹದಿನೇಳರ ಎದುರು ಹಲಗೆಯಲ್ಲಿ ಇದ್ದದ್ದು ಮುರುಗೇಶಪ್ಪನ ಹೆಂಡತಿ ಎಂದು.

ಗಂಟು ಹೊರಟಿದ್ದು ಶಿವಗಂಗಮ್ಮನಿಗೆ. ತಲುಪಿದ್ದು ಜುಂಜಮ್ಮನಿಗೆ.

ಅವಳು ಆ ಗಂಟು ಬಿಚ್ಚಿದ ಗಳಿಗೆ ಏಕನಾಥಮ್ಮನ ಕಣ್ಣಿಗೆ ಕಟ್ಟಿತು. ಯಾರೂ ಇಲ್ಲದವಳ ಬುಡದಲ್ಲಿ ಬಿಸಿ ಆರದ ರೊಟ್ಟಿ. ಅವ್ವ ಬಂದಿರಬೇಕು ಎಂದುಕೊಂಡಳೇನೋ. ಎಲ್ಲಿಂದಲೋ ಹುಡುಕಿಕೊಂಡು ಬಂದು ಬಾಗಿಲಲ್ಲಿ ಕೊಟ್ಟು ಹೋದಳು ಎಂದು. ಅದಕ್ಕೇ ಕೊನೆಯಲ್ಲಿ ಆ ನಗು.

ಗೋಡೆಗೆ ತೂಗುಹಾಕಿದ ಜ್ವರದ ಪಟ್ಟಿಯನ್ನು ಎಳೆದು ನೋಡಿದಳು. ಹದಿನೇಳು: ಸೋಮವಾರ ಜ್ವರವಿಲ್ಲ. ಮಂಗಳವಾರ ಇಲ್ಲ. ಬುಧ, ಗುರು ಇಲ್ಲ. ಗಡ್ಡೆ ಇಲ್ಲ. ಶುಕ್ರವಾರ ಸಾವು. ಜ್ವರವೇ ಇಲ್ಲದವಳಿಗೆ ಪ್ಲೇಗಿನ ಸನ್ನಿ ಎಲ್ಲಿಂದ ಬರಬೇಕು? ಕಪ್ಪಾಗಿ ಅಗಲವಾದ ಕಣ್ಣು. ಗಾಳಿಯನ್ನು ಕೀಳುವ ಬೆರಳು. ದುರ್ಗದ ಆಸ್ಪತ್ರೆಗೆ ಒಮ್ಮೆ ದಾರಿಹೋಕರಿಬ್ಬರನ್ನು ಹೊತ್ತು ತಂದಿದ್ದರು; ಯಾರೋ ಊಟದಲ್ಲಿ ಉಮ್ಮತ್ತಿಯ ವಿಷಬೀಜ ಅರೆದು ಹಾಕಿದ್ದರು. ಅವರೂ ಹೀಗೆಯೇ ಇಲ್ಲದ ಹೂವು ಬಿಡಿಸಿದ್ದರು.

"ಬುತ್ತಿ ತಂದವರ ಹೆಸರು?"

"ಬರೆಯಲ್ಲ," ಎಂದರು ಗಂಗಾಧರಪ್ಪ. "ತಂದೋರ ಹೆಸರು ಬರ್ಕಂಡ್ರೆ ಅವರನ್ನೂ ಹಿಡಿದು ಕೂಡಿ ಹಾಕ್ತಾರೆ ಅಂತ ಜನ ಹೆದರ್ತಿದ್ರು. ಅದೊಂದನ್ನ ಗುಟ್ಟಾಗೇ ಇಟ್ಟಿದ್ವಿ."

ಒಳಗಿದ್ದವರದೆಲ್ಲ ಬಯಲು. ಹೊರಗಿನಿಂದ ಬಂದವರದು ಮಾತ್ರ ಮುಚ್ಚುಮರೆ. ಆ ಸಂದಿನಲ್ಲಿ ಒಂದು ಕೈ ಒಳಗೆ ಬಂದು ಹೋಗಿತ್ತು.

ಆ ಕೈಯವರಿಗೆ ಹನ್ನೊಂದು ದಿನದಿಂದ ನೆಮ್ಮದಿ. ಶಿವಗಂಗಮ್ಮ ಸತ್ತಳೆಂದು ಹಲಗೆ ಹೇಳಿತ್ತಲ್ಲ. ಈಗ ತಮಟೆ ಬೇರೆ ಹೇಳುತ್ತಿತ್ತು. ಬದುಕಿದ್ದಾಳೆ, ಒಬ್ಬಳೇ ಇದ್ದಾಳೆ, ಖಾಲಿ ಊರಿನ ಇಂಥ ಮನೆಯಲ್ಲಿ ಇದ್ದಾಳೆ.

ಆ ಕೊನೆಯ ಸಾಲು ಏಕನಾಥಮ್ಮನದು.

*

ಅವಳು ಓಡಿದಳು. ನಲವತ್ತೆರಡು ವರ್ಷದ ವಿಧವೆ ಹಾಗೆ ಓಡುವುದನ್ನು ಶಿಬಿರ ಯಾವತ್ತೂ ಕಂಡಿರಲಿಲ್ಲ. ಹಲಗೆಯ ಮುಂದೆ ಹತ್ತು ಹನ್ನೆರಡು ಜನ. ಯಾರೋ ಗಟ್ಟಿಯಾಗಿ ಓದುತ್ತಿದ್ದ. ಅವಳು ನುಗ್ಗಿ, ಸೆರಗಿನಿಂದ ಆ ಎರಡು ಸಾಲುಗಳನ್ನು ಒರೆಸಿದಳು. ಒರೆಸಿದ ಮೇಲೆ ತಿಳಿಯಿತು, ಒರೆಸಿದ್ದರಿಂದ ಏನೂ ಆಗಲಿಲ್ಲ, ಎಲ್ಲರೂ ಓದಿಯಾಗಿದೆ ಎಂದು.

"ನನ್ನ ಮಗಿ ಸತ್ತ ಸಾಲು ಮೂರು ದಿನ ಇತ್ತು ಇದೇ ಹಲಗೆ ಮೇಲೆ. ಯಾರೂ ಹಿಂಗೆ ಓಡಿ ಬಂದು ಒರೆಸ್ಲಿಲ್ಲ."

ಹಿಂದಿನಿಂದ ಬಂದ ದನಿಯಲ್ಲಿ ಸಿಟ್ಟಿರಲಿಲ್ಲ. ಕೊಟ್ರಮ್ಮ ನಿಂತಿದ್ದಳು. ಇಪ್ಪತ್ತೆರಡು ಇಪ್ಪತ್ಮೂರು ವರ್ಷ. ಕಣ್ಣಿನ ಕೆಳಗೆ ಮಸಿ ಬಳಿದಂತೆ.

ಏಕನಾಥಮ್ಮ ಅವಳ ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ದಳು. ಸುತ್ತಿ ಬಳಸಲು ಹೊತ್ತಿರಲಿಲ್ಲ. ಗುರುವಾರ ನಿಮ್ಮ ಮನೆಯಿಂದ ಬುತ್ತಿ ಬಂದಿತ್ತೇ ಎಂದು ಕೇಳಿದಳು. ಬಂದಿತ್ತು ಎಂದಳು ಕೊಟ್ರಮ್ಮ.

"ಮಾಡಿದ್ದು ಯಾರು?"

"ರೊಟ್ಟಿ ತಟ್ಟಿದ್ದು ನಾನು. ಅದೇ ಹಿಟ್ಟಿಂದು ಮನೆಮಂದಿಯೆಲ್ಲ ತಿಂದ್ವಿ, ಎಲ್ಲರೂ ಗಟ್ಟಿಗಿದೀವಿ. ಗುರೆಳ್ಳು ಚಟ್ನಿ ಮಾತ್ರ ನಾನು ಕುಟ್ಟಿದ್ದಲ್ಲ. ಬಾವನೋರು ಎಲೆಯಲ್ಲಿ ಕಟ್ಟಿಸ್ಕಂಡು ತಂದಿದ್ರು. ಬಾಗಿಲಿಗೆ ಕೊಟ್ಟು ಬಂದೋರೂ ಅವರೇ."

ಬಾವ ಎಂದರೆ ಮುರುಗೇಶಪ್ಪ. ಶಿವಗಂಗಮ್ಮನ ಗಂಡ.

"ಈಗ ಅವನೆಲ್ಲಿ?"

"ತಮಟೆ ಕೇಳಿದ್ದೇ ತಡ ಗಾಡಿ ಹೂಡಿದ್ರು. ಯಾರನ್ನೂ ಕರೀಲಿಲ್ಲ. ಹೆಂಡ್ತಿ ಬದುಕಿದಾಳೆ ಅಂದ್ರೆ ಗಂಡಸು ಅಳ್ತಾನೆ, ನಗ್ತಾನೆ. ಅವರು ಎರಡೂ ಮಾಡ್ಲಿಲ್ಲ ಅಮ್ಮಾರೆ. ಎಷ್ಟು ದಿನದಿಂದ ಅಲ್ಲಿ ಅವಳೆ ಅಂತ ಕೇಳಿದ್ರು, ಅಷ್ಟೇ."

ಓಬಯ್ಯ ಎತ್ತುಗಳಿಗೆ ನೀರು ಕುಡಿಸುತ್ತಿದ್ದ. ಸುಸ್ತಾಗ್ಯಾವೆ, ಆದ್ರೂ ಕೆರೆ ಏರಿ ಮೇಲೆ ಹೊಡೆದ್ರೆ ಅರ್ಧ ಗಂಟೆ ಉಳೀತೈತೆ ಎಂದ. ಗಂಗಾಧರಪ್ಪ ಬರಿಗಾಲಿನಲ್ಲಿ ಓಡಿ ಬಂದು ನೊಗಕ್ಕೆ ಕೈ ಕೊಟ್ಟರು. ಪೊಲೀಸು ಠಾಣೆಗೆ ಆಳು ಕಳಿಸುವುದಾಗಿ ಹೇಳಿದರು. ಠಾಣೆ ಹೊಳಲ್ಕೆರೆಯಲ್ಲಿ, ಅಲ್ಲಿಂದ ಜನ ಬರುವ ಹೊತ್ತಿಗೆ ಆಗಬೇಕಾದ್ದು ಆಗಿ ಹೋಗಿರುತ್ತದೆ.

ಏಕನಾಥಮ್ಮ ಗಾಡಿ ಹತ್ತಿದಳು. ತಿರುಗಿ ನೋಡುವಷ್ಟರಲ್ಲಿ ಕೊಟ್ರಮ್ಮನೂ ಹತ್ತಿ ಎದುರಿಗೆ ಕುಳಿತಿದ್ದಳು.

"ನೀನೆಲ್ಲಿಗೆ?"

"ನಮ್ಮಕ್ಕನ ಹತ್ರ."

ಇಳಿಸಬೇಕೋ, ಬಿಡಬೇಕೋ? ಇವಳು ಹೇಳಿದ್ದು ನಿಜವಾದರೆ ಮುರುಗೇಶಪ್ಪನ ವಿರುದ್ಧ ಬಾಯಿ ಬಿಡಬಲ್ಲವಳು ಇವಳೊಬ್ಬಳೇ. ಸುಳ್ಳಾದರೆ, ಅವನು ಹೆಂಡತಿಯನ್ನು ಕರೆತರಲು ಹೊರಟ ಬರೀ ಗಂಡ. ಕೊಂದವಳನ್ನು ಏಕನಾಥಮ್ಮ ತಾನೇ ಅದೇ ಮನೆಯ ಬಾಗಿಲಿಗೆ ಗಾಡಿಯಲ್ಲಿ ಕರೆದೊಯ್ಯುತ್ತಿದ್ದಾಳೆ. ಓಬಯ್ಯ ಎತ್ತುಗಳ ಬಾಲ ಮುರಿದ. ಗಾಡಿ ಏರಿಯ ಕಡೆ ತಿರುಗಿತು.

ಚಕ್ರದ ಕುಲುಕಾಟದಲ್ಲಿ ಇಬ್ಬರ ಮೊಣಕಾಲು ತಗುಲುತ್ತಿದ್ದವು. ಬಾಗಿಲಲ್ಲಿ ನಂಬರ್ ಹೇಳದೆ ಯಾರ ಬುತ್ತಿಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ ಎಂಬುದು ಏಕನಾಥಮ್ಮನ ತಲೆಯಲ್ಲಿ ತಿರುಗುತ್ತಿತ್ತು.

"ನಿಮ್ಮ ಬಾವನಿಗೆ ಓದು ಬರುತ್ತಾ?"

"ಇಲ್ಲ. ಹೆಬ್ಬೆಟ್ಟು."

"ಹಾಗಾದರೆ ಹಲಗೆ ನೋಡಿ ಹದಿನೇಳು ಅಂತ ಅವನಿಗೆ ಹೇಳಿಕೊಟ್ಟವರು ಯಾರು?"

ಕೊಟ್ರಮ್ಮ ಎದುರಿನ ದಾರಿಯಿಂದ ಕಣ್ಣು ಕೀಳಲಿಲ್ಲ.

"ನಾನೇ," ಎಂದಳು. "ಮಗು ಒಳಗಿದ್ದ ಐದು ದಿನವೂ ಹಲಗೆ ಮುಂದೆ ಕುಂತು ಅಂಕಿ ಕಲ್ತೆ ಅಮ್ಮಾರೆ. ಮಗೀದು ಒಂಬತ್ತು. ಅದನ್ನ ಅಳಿಸಿದ ಮೇಲೆ ಹದಿನೇಳು ಕಲ್ತೆ."